40 ಲೈನ್ ಸ್ಪ್ರಿಂಟ್: 2 ನಿಮಿಷದ ಕೆಳಗೆ ಬರ್ತಾನೇ ಇಲ್ಲ, ಎಲ್ಲಿ ತಪ್ಪುತ್ತಿದೆ?

ಕಟ್ಟೆಮನೆ:

ಟೆಟ್ರಿಸ್ ಆಡೋ ಟೆಟ್ರ್.ಐಓ ಸೈಟಲ್ಲಿ 40 ಲೈನ್ (40 ಸಾಲು ಆದಷ್ಟು ಬೇಗ ಅಳಿಸೋ ಸ್ಪ್ರಿಂಟ್) ಆಡ್ತಿದೀನಿ, ಟೈಮ್ 2:05ರಲ್ಲೇ ನಿಂತಿದೆ. ಕೊನೆಯ ಆಟದ ಲೆಕ್ಕ: 108 ಪೀಸ್, ಸೆಕೆಂಡಿಗೆ 0.86 ಪೀಸ್, ಪೀಸಿಗೆ 4.6 ಕೀ, ಫಿನೆಸ್ ತಪ್ಪು (ಬೇಕಾದ್ದಕ್ಕಿಂತ ಹೆಚ್ಚು ಕೀ ಒತ್ತಿದ್ದು) 71. ಸೆಟ್ಟಿಂಗ್ ಏನೂ ಮುಟ್ಟಿಲ್ಲ. ಸರಿಸೋದು ಆರೋ ಕೀಗಳಲ್ಲಿ, ತಿರುಗಿಸೋದು ಮೇಲಿನ ಆರೋದಲ್ಲಿ, ಬೀಳಿಸೋಕೆ ಸ್ಪೇಸ್, ಪೀಸನ್ನ ಆಮೇಲಿಗೆ ಎತ್ತಿಡೋ ಹೋಲ್ಡ್‌ಗೆ ಶಿಫ್ಟ್. ಬೇಗ ಆಡೋಕೆ ಹೋದ್ರೆ ಗೋಡೆ ಪಕ್ಕ ಒಂದು ಕಾಲಂ ಖಾಲಿ ಉಳಿದುಬಿಡುತ್ತೆ. ಕೈ ವೇಗ ಹೆಚ್ಚಿಸೋಕೆ ಏನು ಅಭ್ಯಾಸ ಮಾಡ್ಬೇಕು? ಬೆರಳು ಉರುಳಿಸಿ ಆಡೋ ರೋಲಿಂಗ್ ವಿಡಿಯೋ ನೋಡಿದೆ, ಅದನ್ನ ಕಲೀಬೇಕಾ?

ಮೂಲೆಕಲ್ಲು:

ಗೋಡೆ ಪಕ್ಕ ಕಾಲಂ ಉಳಿಯೋದಕ್ಕೆ ಕಾರಣ ನಿಮ್ಮ ಕೈ ಅಲ್ಲ, ಸೆಟ್ಟಿಂಗ್. ಅಲ್ಲಿ ಡಾಸ್ ಮೊದಲಿಗೆ 10 ಫ್ರೇಮ್ ಇರುತ್ತೆ, ಅಂದ್ರೆ 167 ಮಿಲಿಸೆಕೆಂಡ್. ಎಆರ್‌ಆರ್ 2 ಫ್ರೇಮ್, ಅಂದ್ರೆ 33. ಕೀ ಒತ್ತಿ ಹಿಡಿದ ಮೇಲೆ ಪೀಸ್ ತಾನಾಗಿ ಓಡೋಕೆ ಶುರುಮಾಡುವವರೆಗಿನ ಹೊತ್ತು ಡಾಸ್. ಓಡುವಾಗ ಒಂದೊಂದು ಕಾಲಂಗೆ ಹಿಡಿಯೋ ಹೊತ್ತು ಎಆರ್‌ಆರ್. ಪೀಸ್‌ಗಳಿಗೆ ಆಕಾರದ ಅಕ್ಷರವೇ ಹೆಸರು (ಐ, ಓ, ಟಿ, ಎಸ್, ಝಡ್, ಜೆ, ಎಲ್), ಹತ್ತು ಕಾಲಂಗಳ ಎಣಿಕೆ ಎಡದಿಂದ. ಟಿ ಪೀಸ್ 4ರಿಂದ 6ನೇ ಕಾಲಂನಲ್ಲಿ ಬರುತ್ತೆ, ಎಡಗೋಡೆಗೆ ಮೂರು ಹೆಜ್ಜೆ. ಮೊದಲ ಹೆಜ್ಜೆ ಒತ್ತಿದ ಕೂಡಲೇ, ಎರಡನೆಯದು 167ಕ್ಕೆ, ಮೂರನೆಯದು 200ಕ್ಕೆ. ನೀವು 180ರಲ್ಲಿ ಸ್ಪೇಸ್ ಹೊಡೆದರೆ ಪೀಸ್ ಒಂದು ಕಾಲಂ ಈಚೆಗೇ ಬೀಳುತ್ತೆ.

ಎಆರ್‌ಆರ್ 0 ಮಾಡಿ. ಆಗ ಡಾಸ್ ಮುಗಿದ ಕ್ಷಣವೇ ಪೀಸ್ ಗೋಡೆಗೆ ಅಂಟುತ್ತೆ, ನಡುವೆ ಎಲ್ಲೂ ನಿಲ್ಲಲ್ಲ. ಡಾಸ್ ಮೊದಲು 8 ಫ್ರೇಮ್ ಇಡಿ (133), ಮೂರ್ನಾಲ್ಕು ದಿನ ಆದ ಮೇಲೆ 7, ಆಮೇಲೆ 6. ಒಂದೇ ಹೆಜ್ಜೆ ಅಂತ ಮುಟ್ಟಿದ್ದು ಗೋಡೆಗೆ ಹಾರಿಹೋದ್ರೆ ಡಾಸ್ ನಿಮ್ಮ ಬೆರಳಿಗೆ ತೀರಾ ಕಮ್ಮಿ ಆಯ್ತು ಅಂತ ಅರ್ಥ, ಒಂದು ಫ್ರೇಮ್ ಹಿಂದಕ್ಕೆ ಹೋಗಿ. ದೊಡ್ಡ ಆಟಗಾರರ ಸೆಟ್ಟಿಂಗನ್ನ ಮೊದಲ ದಿನವೇ ಹಾಕಿಕೊಂಡವರಿಗೆ ಆಗೋ ತೊಂದರೆ ಇದೇ.

ಕೀಗಳನ್ನೂ ಬದಲಾಯಿಸಿ. ಸರಿಸೋದು, ತಿರುಗಿಸೋದು ಎರಡೂ ಬಲಗೈಯಲ್ಲೇ ಇದ್ದರೆ ಎರಡನ್ನೂ ಒಟ್ಟಿಗೆ ಮಾಡೋಕಾಗಲ್ಲ. ಎಡಗೈಗೆ ಝಡ್ (ಎಡಕ್ಕೆ ತಿರುಗಿಸೋಕೆ), ಎಕ್ಸ್ (ಬಲಕ್ಕೆ), ಎ (ಪೂರ್ತಿ ತಲೆಕೆಳಗು), ಸಿ (ಹೋಲ್ಡ್), ಹೆಬ್ಬೆರಳಿಗೆ ಸ್ಪೇಸ್. ಶಿಫ್ಟ್ ಬೇಡವೇ ಬೇಡ. ವಿಂಡೋಸಲ್ಲಿ ಅದನ್ನ ಸತತ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಬಾಕ್ಸ್ ತೆರೆದುಕೊಂಡು ಆಟ ಕೆಡುತ್ತೆ. ಇನ್ನೊಂದು: ಎಡ ಆರೋ ಹಿಡಿದು, ಅದರ ಜೊತೆ ಝಡ್ ಹಿಡಿದು, ಆಮೇಲೆ ಸ್ಪೇಸ್ ಒತ್ತಿ ನೋಡಿ. ಪೀಸ್ ಬೀಳದಿದ್ದರೆ ಕೀಬೋರ್ಡ್ ಮೂರನೇ ಕೀಯನ್ನ ನುಂಗ್ತಿದೆ. ಆಗ ಬೇರೆ ಕೀ ಆರಿಸಿಕೊಳ್ಳಿ.

ಐ ಬರಲಿ:

ಸೆಟ್ಟಿಂಗ್ ಸರಿ. ಆದರೆ ನಿಜವಾದ ಸೋರಿಕೆ ಆ 4.6 ಕೀ. ಒಟ್ಟು ಸುಮಾರು 500 ಕೀ, ಸೆಕೆಂಡಿಗೆ 4. ಅದನ್ನ 3.3ಕ್ಕೆ ಇಳಿಸಿದರೆ ಬೆರಳಿನ ವೇಗ ಒಂದು ಚೂರೂ ಹೆಚ್ಚಿಸದೆ 1:30ಕ್ಕೆ ಬರ್ತೀರಿ. ಆದ್ದರಿಂದ ಕೈ ವೇಗದ ಅಭ್ಯಾಸ ಈಗ ಬೇಡ.

ಐ ಪೀಸಿನಿಂದ ಶುರುಮಾಡಿ. ಅದು ಮಲಗಿಕೊಂಡು 4–7ರಲ್ಲಿ ಬರುತ್ತೆ. ಬಲಕ್ಕೆ ತಿರುಗಿಸಿದರೆ 6ನೇ ಕಾಲಂನಲ್ಲಿ ನಿಲ್ಲುತ್ತೆ, ಎಡಕ್ಕೆ ತಿರುಗಿಸಿದರೆ 5ರಲ್ಲಿ. ಇದೊಂದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತೆ. 4 ಬೇಕಾದ್ರೆ ಎಡಕ್ಕೆ ಒಂದು ಹೆಜ್ಜೆ, ಎಡ ತಿರುವು. 7 ಬೇಕಾದ್ರೆ ಬಲಕ್ಕೆ ಒಂದು ಹೆಜ್ಜೆ, ಬಲ ತಿರುವು. ಎಡಗೋಡೆಗೆ ಡಾಸ್ ಕೊಟ್ಟು (ಅಂದ್ರೆ ಕೀ ಹಿಡಿದು ಗೋಡೆವರೆಗೆ ಓಡಿಸಿ) ಎಡ ತಿರುವು ಹಾಕಿದರೆ 2, ಬಲ ತಿರುವು ಹಾಕಿದರೆ 3. ಬಲಗೋಡೆಯಲ್ಲಿ ಹಾಗೇ 8 ಮತ್ತು 9. 1 ಮತ್ತು 10ಕ್ಕೆ ಮಾತ್ರ ಮೊದಲು ತಿರುಗಿಸಿ ಆಮೇಲೆ ಡಾಸ್. ಹತ್ತೂ ಕಾಲಂಗೆ ಎರಡೇ ಕೀ ಸಾಕು, ಸ್ಪೇಸ್ ಬಿಟ್ಟು.

ಓ ಪೀಸಿಗೆ ತಿರುವೇ ಇಲ್ಲ, 5–6ರಲ್ಲಿ ಬರುತ್ತೆ. 2–3ಕ್ಕೆ ಎಡಕ್ಕೆ ಮೂರು ಸಲ ಒತ್ತೋದು ತಪ್ಪು. ಎಡಗೋಡೆಗೆ ಡಾಸ್, ಬಲಕ್ಕೆ ಒಂದು ಹೆಜ್ಜೆ. ಎಸ್, ಝಡ್ ಪೀಸ್ ನಿಲ್ಲಿಸುವಾಗ ಬಲ ತಿರುವು 5–6ಕ್ಕೆ, ಎಡ ತಿರುವು 4–5ಕ್ಕೆ ತರುತ್ತೆ. ಒಂದೇ ತಿರುವಿನ ಕೀ ಬಳಸೋರು ಪ್ರತಿ ಸಲ ಇಲ್ಲೇ ಒಂದು ಹೆಜ್ಜೆ ಕಳ್ಕೊಳ್ತಾರೆ, ನಿಮ್ಮ 71ರಲ್ಲಿ ಇವು ಬಹಳ ಇರಬೇಕು.

40 ಲೈನ್ ಸೆಟ್ಟಿಂಗಲ್ಲಿ ಫಿನೆಸ್ ತಪ್ಪಾದರೆ ಆಟ ಮೊದಲಿಂದ ಶುರುವಾಗೋ ಆಯ್ಕೆ ಇದೆ. ಅದನ್ನ ಆನ್ ಮಾಡಿ, ದಿನಾ 15 ನಿಮಿಷ, ಗಡಿಯಾರ ನೋಡಬೇಡಿ. ಮೊದಲು 20 ಪೀಸ್ ತಪ್ಪಿಲ್ಲದೆ, ಆಮೇಲೆ 50, ಆಮೇಲೆ 100. ಇದು ಬೇಸರದ ಕೆಲಸ. ಎರಡು ವಾರ ಟೈಮ್ ಹಿಂದಕ್ಕೂ ಹೋಗಬಹುದು, ಬಿಡಬೇಡಿ.

ತಳಪಾಯ:

ರೋಲಿಂಗ್ ನಿಮಗೆ ಬೇಡ. ಅದು ನಿಂಟೆಂಡೊದ ಹಳೆಯ ಗೇಮ್ ಯಂತ್ರದ (ಎನ್‌ಇಎಸ್) ಟೆಟ್ರಿಸ್‌ನದು. ಅಲ್ಲಿ ಡಾಸ್ 16 ಫ್ರೇಮ್, ಆಮೇಲೆ ಕಾಲಂಗೆ 6 ಫ್ರೇಮ್, ಬದಲಾಯಿಸೋ ಹಾಗಿಲ್ಲ. 29ನೇ ಲೆವೆಲ್‌ನಲ್ಲಿ ಪೀಸ್ ಫ್ರೇಮಿಗೊಂದು ಸಾಲು ಇಳಿಯುತ್ತೆ, 20 ಫ್ರೇಮಿಗೆ ತಳ ಮುಟ್ಟುತ್ತೆ. ಕೀ ಹಿಡಿದು ಗೋಡೆ ಸೇರೋಕೆ ಆಗಲ್ಲ ಅಂತಲೇ ಆ ವಿದ್ಯೆ ಹುಟ್ಟಿದ್ದು. 2023ರ ಡಿಸೆಂಬರ್‌ನಲ್ಲಿ 13 ವರ್ಷದ ವಿಲ್ಲಿಸ್ ಗಿಬ್ಸನ್ ಅದರಿಂದಲೇ ಆ ಆಟವನ್ನ ಕ್ರ್ಯಾಶ್ ಆಗೋವರೆಗೂ ಆಡಿದ. ಅದ್ಭುತವಾದ ಸಾಧನೆ, ಆದರೆ ಆ ಆಟವೇ ಬೇರೆ.

ನಿಮ್ಮ 108 ಪೀಸ್ ನೋಡಿ. 40 ಲೈನ್ ಅಂದ್ರೆ 400 ಮನೆ, 100 ಪೀಸ್ ಸಾಕು. ಎಂಟು ಪೀಸ್, ಅಂದ್ರೆ 32 ಮನೆ, ಕೊನೆಗೆ ಬೋರ್ಡ್ ಮೇಲೆ ಹಾಗೇ ಉಳಿದಿವೆ. 36 ಲೈನ್ ಆದಮೇಲೆ ಹೊಸದಾಗಿ ಎತ್ತರ ಕಟ್ಟಬೇಡಿ, ಕೆಳಗಿನ ನಾಲ್ಕು ಸಾಲು ಮಾತ್ರ ತುಂಬಿಸಿ.

ಹೆಚ್ಚು ಸಮಯ ಹೋಗೋದು ಪೀಸ್ ಬಂದಮೇಲೆ ಯೋಚಿಸೋದರಲ್ಲಿ. ಸ್ಪೇಸ್ ಒತ್ತೋ ಹೊತ್ತಿಗೆ ಮುಂದಿನ ಪೀಸಿನ ಜಾಗ ತೀರ್ಮಾನ ಆಗಿರಬೇಕು. ಕಣ್ಣು ಬೀಳ್ತಿರೋ ಪೀಸಿನ ಮೇಲಲ್ಲ, ಬಲಗಡೆ ಮುಂದಿನ ಪೀಸ್‌ಗಳನ್ನ ತೋರಿಸೋ ಸಾಲಿನ ಮೇಲೆ. ಮೊದಲು ಒಂದೇ ಪೀಸ್ ಮುಂದೆ ನೋಡಿ, ರೂಢಿಯಾದ ಮೇಲೆ ಎರಡು. ಏಳು ಪೀಸೂ ಒಂದೊಂದು ಸಲ ಬಂದ ಮೇಲೇ ಮತ್ತೆ ಏಳರ ಹೊಸ ಚೀಲ. ಹಾಗಾಗಿ ಎರಡು ಐಗಳ ನಡುವೆ ಹೆಚ್ಚೆಂದರೆ 12 ಬೇರೆ ಪೀಸ್ ಬರಬಹುದು. ಎಸ್, ಝಡ್ ಸೇರಿ ಸತತ ನಾಲ್ಕೂ ಬರಬಹುದು, ಅದಕ್ಕೆ ಸ್ಟ್ಯಾಕ್ (ಬಿದ್ದ ಪೀಸ್‌ಗಳ ರಾಶಿ) ತಯಾರಿರಬೇಕು. ಎರಡು ಕಾಲಂ ಪಕ್ಕಪಕ್ಕ ಇದ್ದು ಎಡದ್ದು ಒಂದು ಮನೆ ಎತ್ತರ ಇದ್ದರೆ ಎಸ್ ನಿಂತು ಕೂರುತ್ತೆ, ಬಲದ್ದು ಎತ್ತರ ಇದ್ದರೆ ಝಡ್. ಎರಡೂ ಬಗೆಯ ಮೆಟ್ಟಿಲು ಒಂದೊಂದು, ಓಗೆ ಒಂದು ಸಮತಟ್ಟು ಜಾಗ, ಇಷ್ಟು ಯಾವಾಗಲೂ ಇರಲಿ. ಎರಡು ಮನೆ ಆಳದ ಕುಳಿಯನ್ನ ಜೆ ಅಥವಾ ಎಲ್ ಮುಚ್ಚುತ್ತೆ. ಮೂರು ಮನೆ ಆಳ ಆಯ್ತು ಅಂದ್ರೆ ಐ ಒಂದೇ ಗತಿ, ಬಾವಿಗೆ (ನಾಲ್ಕು ಸಾಲು ಒಟ್ಟಿಗೆ ಅಳಿಸೋಕೆ ಖಾಲಿ ಬಿಟ್ಟ ಕಾಲಂ) ಬೇಕಾದ ಐ ಅಲ್ಲಿಗೆ ಹೋಯ್ತು.

ಕಟ್ಟೆಮನೆ:

ಎಆರ್‌ಆರ್ 0, ಡಾಸ್ 8 ಹಾಕಿದೆ, ಗೋಡೆ ಪಕ್ಕದ ಖಾಲಿ ಕಾಲಂ ಆಗಲೇ ನಿಂತುಹೋಯ್ತು, ತುಂಬಾ ಥ್ಯಾಂಕ್ಸ್. ಬಾವಿ ಬಲಗೋಡೆಗೇ ಬಿಡ್ತಿದೀನಿ. 6-3 ಜೋಡಣೆ ವೇಗ ಅಂತಾರೆ, ಈಗಲೇ ಅದಕ್ಕೆ ಹೋಗ್ಲಾ?

ಐ ಬರಲಿ:

ಈಗ ಬೇಡ. 6-3ರಲ್ಲಿ ಬಾವಿ 7ನೇ ಕಾಲಂ, ಎಡಕ್ಕೆ ಆರು, ಬಲಕ್ಕೆ ಮೂರು ಕಾಲಂ. ಪೀಸ್ ಹುಟ್ಟೋ ಜಾಗಕ್ಕೆ ಬಾವಿ ಹತ್ತಿರ, ಬಲಗಡೆಯ ಪೀಸ್‌ಗಳಿಗೆ ಹೆಚ್ಚಾಗಿ ಒಂದು ಡಾಸ್ ಸಾಕು, ಹಾಗಾಗಿ ಕೀ ಉಳಿಯುತ್ತೆ. ಆದರೆ ಮೂರೇ ಕಾಲಂ ಅಗಲದ ಗೋಪುರದಲ್ಲಿ ಒಂದು ಓ ಹಾಕಿದರೆ ಪಕ್ಕದಲ್ಲಿ ಒಂಟಿ ಕಾಲಂ ಉಳಿಯುತ್ತೆ. ಅದಕ್ಕೆ ಜೆ ಅಥವಾ ಎಲ್ ಹೋಲ್ಡಲ್ಲಿ ಇಲ್ಲದಿದ್ದರೆ ಬಲಭಾಗ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಫಿನೆಸ್ ತಪ್ಪು 10ರ ಕೆಳಗೆ ಬಂದು, ಟೈಮ್ 1:30ಕ್ಕಿಂತ ಕೆಳಗೆ ಇಳಿದ ಮೇಲೆ ಶುರುಮಾಡಿ. ಅಲ್ಲಿಯವರೆಗೆ ಬಲಗೋಡೆಯ ಬಾವಿಯೇ ಇರಲಿ, ಐ ಬಂದಾಗ ಮೊದಲು ತಿರುವು, ಆಮೇಲೆ ಡಾಸ್.