‘ಮಳೆ ಬಂದು ಕೆರೆ ತುಂಬಿತು’: ಯಾವ ವಾಕ್ಯ?

ಪ್ರಶ್ನೆ: ಒಂಬತ್ತನೆಯ ತರಗತಿಗೆ ಕನ್ನಡ ಕಲಿಸುತ್ತೇನೆ. ಇದನ್ನು ಅರ್ಧ ತರಗತಿ ಸಂಯೋಜಿತ ವಾಕ್ಯವೆಂದು (ಸ್ವತಂತ್ರ ವಾಕ್ಯಗಳು ಸೇರಿ ಆದದ್ದೆಂದು) ಬರೆದಿದೆ. ಎರಡು ಕ್ರಿಯೆಗಳಿವೆಯಲ್ಲ ಎಂಬ ವಾದ ಬೇರೆ! ಹೇಗೆ ಬಿಡಿಸಿ ಹೇಳಲಿ?

ಉತ್ತರ 1: ಪೂರ್ಣಕ್ರಿಯಾಪದಗಳನ್ನು, ಅಂದರೆ ವಾಕ್ಯವನ್ನು ಮುಗಿಸುವ ಕ್ರಿಯಾಪದಗಳನ್ನು ಮಾತ್ರ ಎಣಿಸಲು ಹೇಳಿ. ‘ಮಳೆ ಬಂದು’ ಎಂದು ನಿಲ್ಲಿಸಿದರೆ ಕೇಳುವವರು ‘ಬಂದು?’ ಎಂದು ಕಾಯುತ್ತಾರೆ, ಅದು ಕೃದಂತಾವ್ಯಯ, ಮುಂದಿನ ಕ್ರಿಯೆಗೆ ಕಾಯುವ ಅಪೂರ್ಣ ರೂಪ. ನಾನು ಇದನ್ನು ಆಟವಾಗಿಯೇ ಆಡಿಸುತ್ತೇನೆ. ಇಲ್ಲಿ ಪೂರ್ಣಕ್ರಿಯಾಪದ ‘ತುಂಬಿತು’ ಒಂದೇ, ಆದ್ದರಿಂದ ಇದು ಸಾಮಾನ್ಯ ವಾಕ್ಯ. ‘ಮಳೆ ಬಂದಿತು, ಆದ್ದರಿಂದ ಕೆರೆ ತುಂಬಿತು’ ಎಂದರೆ ಸಂಯೋಜಿತ.

ಉತ್ತರ 2: ಇನ್ನು ಒಂದು ವಾಕ್ಯ ಇನ್ನೊಂದಕ್ಕೆ ಅಧೀನವಾಗಿರುವ ಮಿಶ್ರವಾಕ್ಯಕ್ಕೆ ನನ್ನ ತರಗತಿಯ ಚಾಡಿಕೋರರೇ ಗತಿ. ‘ಇವನು ಪೆನ್ನು ಕದ್ದನೆಂದು ಅವಳು ಹೇಳಿದಳು.’ ಉದಾಹರಣೆಗೆ ಬರವೇ ಇಲ್ಲ.

ಪ್ರಶ್ನೆ ಕೇಳಿದವರು: ಆಟ ಆಡಿಸಿದೆ. ಹಿಂದಿನ ಬೆಂಚಿನವನೊಬ್ಬ ‘ಊಟ ಮಾಡಿ’ ಎಂದು ನಿಲ್ಲಿಸಿದ. ‘ಮಾಡಿ?’ ಎಂದು ಎಲ್ಲರೂ ಕೂಗಿದಾಗ, ‘ನಿಮಗೇ ಹೇಳಿದ್ದು, ಗಂಟೆ ಹೊಡೆಯಿತು’ ಎಂದ. ವಿಧ್ಯರ್ಥವನ್ನು (ಆಜ್ಞೆ, ಹಾರೈಕೆ ಹೇಳುವ ಕ್ರಿಯಾರೂಪವನ್ನು) ನಾಳೆಯೇ ಶುರು ಮಾಡಬೇಕಾಗಿದೆ.