ಮಿಕ್ಸ್ಡ್ ಲಾಜಿಟ್: ಜನ ಕೊಡಲೊಪ್ಪುವ ಸರಾಸರಿ ಮೊತ್ತ ಪ್ರತಿ ಸಲ ಬೇರೆ ಬೇರೆ ಬರುತ್ತಿದೆ

ಪ್ರಶ್ನೆ
ಕೆರೆ ಸುಧಾರಣೆಯ ಆಯ್ಕೆ ಪ್ರಯೋಗ. 240 ಜನ, ತಲಾ 6 ಕಾರ್ಡು. ಪ್ರತಿ ಕಾರ್ಡಿನಲ್ಲಿ ಎರಡು ಯೋಜನೆ, ಮೂರನೆಯದು ‘ಈಗಿದ್ದಂತೆಯೇ ಇರಲಿ’. ಅಂಶಗಳು: ನೀರಿನ ತಿಳಿ, ಮೀನಿನ ಪ್ರಮಾಣ, ದಡದ ಹಸಿರು, ವಾರ್ಷಿಕ ಶುಲ್ಕ. ಗುಣಾಂಕ (ಪ್ರತಿ ಅಂಶಕ್ಕೆ ಜನ ಕೊಡುವ ತೂಕ) ಎಲ್ಲರಿಗೂ ಒಂದೇ ಎನ್ನುವ ಸಾದಾ ಲಾಜಿಟ್‌ನಲ್ಲಿ ಚಿಹ್ನೆಗಳೆಲ್ಲ ಸರಿ. ಅದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಲು ಬಿಡುವ ಮಿಕ್ಸ್ಡ್ ಲಾಜಿಟ್‌ನಲ್ಲಿ ಎಲ್ಲ ಗುಣಾಂಕಕ್ಕೂ ನಾರ್ಮಲ್ ಹಂಚಿಕೆ ಕೊಟ್ಟೆ. ಶುಲ್ಕದ ಗುಣಾಂಕದ ಸರಾಸರಿ −0.04, ಪ್ರಮಾಣಿತ ವಿಚಲನೆ 0.03. ಈ ಹಂಚಿಕೆಗಳಿಂದ 10,000 ಡ್ರಾ (ಯಾದೃಚ್ಛಿಕ ಮೌಲ್ಯ) ತೆಗೆದು, ಅಂಶದ ಗುಣಾಂಕವನ್ನು ಶುಲ್ಕದ ಗುಣಾಂಕದಿಂದ ಭಾಗಿಸಿ ಚಿಹ್ನೆ ತಿರುಗಿಸಿದ ಅನುಪಾತದ (ಅದೇ ಕೊಡಲೊಪ್ಪುವ ಮೊತ್ತ) ಸರಾಸರಿ ನೋಡಿದರೆ ಒಮ್ಮೆ 85, ಸೀಡ್ (ಡ್ರಾಗಳನ್ನು ಶುರು ಮಾಡುವ ಸಂಖ್ಯೆ) ಬದಲಿಸಿದರೆ −410. ಅಂದಾಜಿಗೆ ಬಳಸಿದ್ದು 100 ಹಾಲ್ಟನ್ ಡ್ರಾ (ಸಮವಾಗಿ ಹರಡುವಂತೆ ಕ್ರಮದಲ್ಲಿ ತೆಗೆದ ಸಂಖ್ಯೆಗಳು). ತಪ್ಪು ಎಲ್ಲಿ?

ಉತ್ತರ 1
ತಪ್ಪು ಅನುಪಾತದ ಛೇದದಲ್ಲಿ, ಅಂದರೆ ಶುಲ್ಕದ ಗುಣಾಂಕದಲ್ಲಿದೆ. ಸೊನ್ನೆಯು ನಿಮ್ಮ ಸರಾಸರಿಯಿಂದ ಬರೀ 1.33 ವಿಚಲನೆ ದೂರ. ಅಂದರೆ ಸುಮಾರು 9% ಜನರಿಗೆ ಶುಲ್ಕ ಏರಿದಷ್ಟೂ ಖುಷಿ ಎಂದು ಮಾದರಿ ಹೇಳುತ್ತಿದೆ! ಸೊನ್ನೆಗೆ ತೀರಾ ಹತ್ತಿರದ ಒಂದೆರಡು ಡ್ರಾ ಬಿದ್ದರೂ ಅನುಪಾತ ಮುಗಿಲಿಗೋ ಪಾತಾಳಕ್ಕೋ ಹೋಗುತ್ತದೆ. ಇಂಥ ಅನುಪಾತಕ್ಕೆ ಗಣಿತದ ಪ್ರಕಾರ ಸರಾಸರಿಯೇ ಇಲ್ಲ, ಹಾಗಾಗಿ ಹತ್ತು ಲಕ್ಷ ಡ್ರಾ ತೆಗೆದರೂ ಅದು ನೆಲೆ ನಿಲ್ಲದು.
ಶುಲ್ಕದ ಕಾಲಂ ಅನ್ನು −1ರಿಂದ ಗುಣಿಸಿ, ಗುಣಾಂಕಕ್ಕೆ ಲಾಗ್‌ನಾರ್ಮಲ್ (ಸದಾ ಧನಾತ್ಮಕವಾಗಿರುವ ಹಂಚಿಕೆ) ಕೊಡಿ. ಆರಂಭಿಕ ಮೌಲ್ಯ 0.04ರ ಲಾಗ್, ಅಂದರೆ −3.2 ಆಸುಪಾಸು. ಸೊನ್ನೆಯಿಂದ ಶುರು ಮಾಡಿದರೆ ಗುಣಾಂಕ 1 ಆಗಿಬಿಡುತ್ತದೆ, ಮಾದರಿ ಒಮ್ಮುಖವಾಗದೆ ಒದ್ದಾಡುತ್ತದೆ.

ಉತ್ತರ 2
ಲಾಗ್‌ನಾರ್ಮಲ್ ಚಿಹ್ನೆಯನ್ನು ಸರಿಪಡಿಸುತ್ತದೆ, ಆದರೆ ಬಲಗಡೆಯ ಬಾಲ ಉದ್ದವಾಗಿಯೇ ಉಳಿಯುತ್ತದೆ. ಆ ದಾರಿ ಹಿಡಿದರೆ ಸರಾಸರಿ ಬಿಟ್ಟು ಮಧ್ಯಾಂಕ ವರದಿ ಮಾಡಿ. ನನ್ನ ಮತ ಬೇರೆ: ತುಷ್ಟಿಗುಣದ ಸಮೀಕರಣವನ್ನು ‘λ × (ಕೊಡಲೊಪ್ಪುವ ಮೊತ್ತ × ಅಂಶ − ಶುಲ್ಕ)’ ಎಂದು ಬರೆದು (λ ಎಂದರೆ ಶುಲ್ಕದ ಗುಣಾಂಕದ ಗಾತ್ರ), ಮೊತ್ತದ ಹಂಚಿಕೆಯನ್ನೇ ನೇರವಾಗಿ ಅಂದಾಜಿಸಿ. ಟ್ರೇನ್ ಮತ್ತು ವೀಕ್ಸ್ 2005ರಲ್ಲಿ ಎರಡನ್ನೂ ಹೋಲಿಸಿದಾಗ ದತ್ತಾಂಶಕ್ಕೆ ಹೆಚ್ಚು ಹೊಂದಿದ್ದು ಗುಣಾಂಕಗಳಿಗೆ ಹಂಚಿಕೆ ಕೊಡುವ ಹಳೆಯ ರೂಪವೇ. ನಂಬುವಂಥ ಮೊತ್ತ ಕೊಟ್ಟದ್ದು ಮಾತ್ರ ಈ ರೂಪ. ಸಾದಾ ಲಾಜಿಟ್‌ನ ಅನುಪಾತಗಳನ್ನೇ ಆರಂಭಿಕ ಮೌಲ್ಯವಾಗಿ ಹಾಕಿ. R ಬಳಸುವವರಿಗೆ ಅಪೊಲೊ ಪ್ಯಾಕೇಜಿನಲ್ಲಿ ಇದು ನಾಲ್ಕೈದು ಸಾಲಿನ ಬದಲಾವಣೆ.
100 ಡ್ರಾ ಯಾವುದಕ್ಕೂ ಸಾಲದು. 500, 1000, 2000 ಹಾಕಿ ಓಡಿಸಿ. ವಿಚಲನೆಗಳು ಅಲುಗಾಡುವುದು ನಿಂತ ಮೇಲೆ ನಂಬಿ.

ಉತ್ತರ 3
ಎರಡು ವಿಷಯ ಯಾರೂ ಕೇಳಿಲ್ಲ. ಆರೂ ಕಾರ್ಡು ಒಬ್ಬರವೇ ಎಂದು ಐಡಿ ಮೂಲಕ ತಿಳಿಸಿದ್ದೀರಾ? ಇಲ್ಲವಾದರೆ 1,440 ಬೇರೆ ಬೇರೆ ಜನ ಎಂದೇ ಲೆಕ್ಕವಾಗುತ್ತದೆ, ವಿಚಲನೆಗಳಿಗೆ ಅರ್ಥವಿರದು.
ಇನ್ನೊಂದು, ‘ಈಗಿದ್ದಂತೆ’ ಆಯ್ಕೆಗೆ ಪ್ರತ್ಯೇಕ ಸ್ಥಿರಾಂಕ ಬೇಕೇ ಬೇಕು. ಜೊತೆಗೆ ‘ಕಲಕು ನೀರು’ ಎಂಬ ಮಟ್ಟ ಆ ಆಯ್ಕೆಯಲ್ಲಿ ಮಾತ್ರ ಬರುತ್ತಿದ್ದು, ಉಳಿದ ಮಟ್ಟಗಳಿಗೆ ಡಮ್ಮಿ (ಆ ಮಟ್ಟವಿದ್ದರೆ 1, ಇಲ್ಲದಿದ್ದರೆ 0) ಹಾಕಿದ್ದರೆ, ಯೋಜನೆಯ ಪ್ರತಿ ಸಾಲಿನಲ್ಲೂ ಆ ಡಮ್ಮಿಗಳ ಮೊತ್ತ 1. ಸ್ಥಿರಾಂಕವನ್ನು ಅದರಿಂದ ಬೇರ್ಪಡಿಸಲು ಸಾಧ್ಯವೇ ಇಲ್ಲ, ಅಂದಾಜಿನ ದೋಷ ಲೆಕ್ಕ ಹಾಕಲು ಬೇಕಾದ ಹೆಸ್ಸಿಯನ್ ಮ್ಯಾಟ್ರಿಕ್ಸ್ ವಿಲೋಮವಾಗದು.

ಪ್ರಶ್ನೆ ಕೇಳಿದವರು
ಐಡಿ ಕೊಟ್ಟಿದ್ದೆ. ಡಮ್ಮಿ ಮಾತ್ರ ನೀವು ಹೇಳಿದ ಹಾಗೆಯೇ ಇದೆ. ಆರೂ ಕಾರ್ಡಿನಲ್ಲಿ ‘ಈಗಿದ್ದಂತೆ’ಯನ್ನೇ ಆರಿಸಿದ 31 ಜನರನ್ನು ತೆಗೆದುಹಾಕಲೇ?

ಉತ್ತರ 3
ಕಣ್ಣು ಮುಚ್ಚಿ ತೆಗೆಯಬೇಡಿ. ಕಾರಣ ಕೇಳಿದ ಪ್ರಶ್ನೆ ನೋಡಿ: ‘ದುಡ್ಡಿಲ್ಲ’, ‘ನನಗೆ ಬೇಕಿಲ್ಲ’ ಎಂದವರು ಉಳಿಯಲಿ, ಅವು ನಿಜವಾದ ಸೊನ್ನೆಗಳು. ‘ಮಲಿನ ಮಾಡಿದವರೇ ಕೊಡಲಿ’ ಎಂದವರದು ಪ್ರತಿಭಟನೆ. ಅವರನ್ನು ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ಓಡಿಸಿ, ಎರಡೂ ಫಲಿತಾಂಶ ಕೊಡಿ.