ಸಕ್ಕರೆ ಕೊಂಡವರಿಗೂ ಗುಲಾಮ ವ್ಯಾಪಾರದ ಪಾಪದಲ್ಲಿ ಪಾಲಿತ್ತೇ?

ಪ್ರಶ್ನೆ:
ಆಫ್ರಿಕನ್ನರನ್ನು ಗುಲಾಮರಾಗಿ ಹಡಗಿನಲ್ಲಿ ಸಾಗಿಸಿ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿಸಿದ 18ನೇ ಶತಮಾನದ ಅಟ್ಲಾಂಟಿಕ್ ವ್ಯಾಪಾರದ ಚರ್ಚೆಯಲ್ಲಿ "ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು" ಎಂಬ ವಾದ ಬಂದೇ ಬರುತ್ತದೆ. ಹಡಗಿನ ಮಾಲೀಕರ ವಿಷಯ ಬಿಡಿ, ಅಂಗಡಿಯಲ್ಲಿ ಸಕ್ಕರೆ ಕೊಂಡ ಸಾಮಾನ್ಯ ಇಂಗ್ಲಿಷರ ತಲೆಗೂ ಹೊಣೆ ಕಟ್ಟಬಹುದೇ? ಅವರಿಗೆ ಇದೆಲ್ಲ ಗೊತ್ತಿತ್ತೇ?

ಉತ್ತರ 1:
ಚೆನ್ನಾಗಿಯೇ ಗೊತ್ತಿತ್ತು. ಆ ಅಳತೆಗೋಲು ಅಂದಿನವರದ್ದೇ. 1791ರ ಏಪ್ರಿಲ್‌ನಲ್ಲಿ ಗುಲಾಮ ವ್ಯಾಪಾರ ನಿಲ್ಲಿಸುವ ಸಂಸದ ವಿಲ್ಬರ್‌ಫೋರ್ಸರ ಪ್ರಸ್ತಾಪ ಸಂಸತ್ತಿನಲ್ಲಿ 88ಕ್ಕೆ ಎದುರಾಗಿ 163 ಮತಗಳಿಂದ ಬಿದ್ದುಹೋಯಿತು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬವರ ಕರಪತ್ರ ನೇರವಾಗಿ ಕೊಳ್ಳುವವರಿಗೇ ಲೆಕ್ಕ ಕೊಟ್ಟಿತು: ವಾರಕ್ಕೆ 5 ಪೌಂಡ್ ತೂಕದ ಸಕ್ಕರೆ ಬಳಸುವ ಮನೆಯವರು ಅದನ್ನೂ ಅದರ ಜೊತೆಗಿನ ರಮ್ಮನ್ನೂ 21 ತಿಂಗಳು ಬಿಟ್ಟರೆ ಒಬ್ಬ ಮನುಷ್ಯನ ಗುಲಾಮಗಿರಿ ಅಥವಾ ಕೊಲೆ ತಪ್ಪುತ್ತದೆ. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರೆಂದು ಗುಲಾಮಗಿರಿ ವಿರೋಧಿ ಹೋರಾಟಗಾರ ಥಾಮಸ್ ಕ್ಲಾರ್ಕ್‌ಸನ್ ಅಂದಾಜಿಸಿದ್ದರು. ಮತದ ಹಕ್ಕಿಲ್ಲದ ಹೆಂಗಸರಿಗೆ ಮನೆಯ ಸಾಮಾನಿನ ಪಟ್ಟಿಯೇ ಆಯುಧವಾಯಿತು.

ಉತ್ತರ 2:
ಮನಸ್ಸಾಕ್ಷಿ ಎಚ್ಚರವಾಗಿತ್ತು, ಕಾನೂನು ಮಾತ್ರ ಬೇರೆ ದಾರಿ ಹಿಡಿದಿತ್ತು. 1781ರಲ್ಲಿ ಗುಲಾಮರನ್ನು ಸಾಗಿಸುತ್ತಿದ್ದ ಬ್ರಿಟಿಷ್ ಹಡಗು ಝಾಂಗ್‌ನಿಂದ 130ರಷ್ಟು ಆಫ್ರಿಕನ್ನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಅಂದಿನ ವಿಮೆಯ ನಿಯಮದಂತೆ ಗುಲಾಮರು ರೋಗದಿಂದ ಸತ್ತರೆ ನಷ್ಟ ಮಾಲೀಕನದ್ದು. ಹಡಗು ಉಳಿಸಲು ಅನಿವಾರ್ಯವಾಗಿ 'ಸರಕು' ಎಸೆದರೆ ವಿಮೆಯವರದ್ದು. ಮಾಲೀಕರು ಕುಡಿಯುವ ನೀರು ಸಾಲದೆಂದು ನೆಪ ಹೇಳಿ ತಲೆಗೆ 30 ಪೌಂಡ್ ಕೇಳಿದರು, ಮೊದಲ ಜ್ಯೂರಿ ಒಪ್ಪಿಯೂಬಿಟ್ಟಿತು. ಮಳೆ ಬಂದ ಮೇಲೂ ಜನರನ್ನು ಎಸೆದಿದ್ದರು ಎಂಬ ಸಾಕ್ಷ್ಯ ಬಂದಾಗ, 1783ರಲ್ಲಿ ಮುಖ್ಯ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡರ ಪೀಠ ಮರುವಿಚಾರಣೆಗೆ ಆದೇಶಿಸಿತು. ಅದೂ ವಿಮೆಯ ಹಣದ ವ್ಯಾಜ್ಯವಾಗಿಯೇ! ಗುಲಾಮಗಿರಿ ವಿರೋಧಿ ಗ್ರ್ಯಾನ್‌ವಿಲ್ ಶಾರ್ಪ್ ಎಷ್ಟು ಹೋರಾಡಿದರೂ ಕೊಲೆಯ ಮೊಕದ್ದಮೆ ಹೂಡಲೇ ಇಲ್ಲ. ಕೊಂಡವರಿಗಿಂತ ಮೊದಲು ಹೊಣೆ ಹೊರಬೇಕಾದವರು ಈ ನಿಯಮಗಳನ್ನು ಬರೆದು ನಡೆಸಿದವರು.

ಉತ್ತರ 3:
ಬಹಿಷ್ಕಾರದ ಮಿತಿಯನ್ನೂ ನೋಡಬೇಕು. ಸಕ್ಕರೆಗೆ ಬದಲಿ ಇತ್ತು. "ಗುಲಾಮರು ಬೆಳೆದದ್ದಲ್ಲ" ಎಂದು ಬರೆದ ಬಟ್ಟಲುಗಳಲ್ಲಿ ಭಾರತದ ಸಕ್ಕರೆ ಬಡಿಸುತ್ತಿದ್ದರು. 1833ರ ಕಾಯ್ದೆ ಗುಲಾಮಗಿರಿ ರದ್ದುಮಾಡಿ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಅದೂ ಮಾಲೀಕರಿಗೆ. ದುಡಿದವರಿಗೆ ಬಿಡಿಗಾಸೂ ಇಲ್ಲ, ಬದಲಿಗೆ 1838ರವರೆಗೆ ಅದೇ ಮಾಲೀಕರ ಕೈಕೆಳಗೆ 'ತರಬೇತಿ' ಹೆಸರಿನ ಬಿಟ್ಟಿ ದುಡಿಮೆ. 1846ರಲ್ಲಿ ವಸಾಹತುಗಳ ಸಕ್ಕರೆಗೂ ವಿದೇಶಿ ಸಕ್ಕರೆಗೂ ಸುಂಕ ಸರಿಸಮ ಮಾಡುವ ಕಾಯ್ದೆ ಬಂತು, ಕ್ಯೂಬಾ ಮತ್ತು ಬ್ರೆಜಿಲ್‌ನ ಗುಲಾಮರು ಬೆಳೆದ ಅಗ್ಗದ ಸಕ್ಕರೆಗೆ ಬ್ರಿಟನ್ನಿನ ಬಾಗಿಲು ತೆರೆಯಿತು. ಹತ್ತಿಯದ್ದು ಇನ್ನೂ ಕಷ್ಟ: 1850ರ ದಶಕದ ಕೊನೆಗೆ ಬ್ರಿಟನ್ ತರಿಸುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ್ದು, ಗುಲಾಮರು ಬೆಳೆದದ್ದು. ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿ ಕಾರ್ಮಿಕರ ಅನ್ನವೇ ಅದರ ಮೇಲೆ ನಿಂತಿತ್ತು. ಸಕ್ಕರೆ ಬಿಟ್ಟ ಮನೆಯವರೂ ತೊಟ್ಟದ್ದು ಅದೇ ಹತ್ತಿಯ ಅಂಗಿ.